ಒಂದು ತೋಟಾ, ಎರಡು ಕೋವಿ

(ಮೈಸೂರಿನಲ್ಲಿ ಇತಿಹಾಸಾಸಕ್ತರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹಿಂದೆ ಮುಂದೆ ಆಗಿದ್ದ ಮಾತುಗಳನ್ನು ಸಾಲಿಗೆ ತಂದಿದ್ದೇನೆ. ಪ್ರೊಜೆಕ್ಟರ್ ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಗೋಡೆಯ ಮೇಲೆ ಕಾಣುತ್ತಿರುವ ಈ ಹುಡುಗನನ್ನು ನಿಮ್ಮಲ್ಲಿ ಕೆಲವರು ಆಗಲೇ ಗುರುತಿಸಿರಬೇಕು. ಬಿಲ್ಲಿ ದ ಕಿಡ್, ಅಮೆರಿಕದ ಪಶ್ಚಿಮದ ಹೆಸರುವಾಸಿ ಪುಂಡ. ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಎಂಬಲ್ಲಿ 1879ರಲ್ಲೋ 1880ರಲ್ಲೋ ತೆಗೆದ ಚಿತ್ರ. ಕಾಗದದ ಮೇಲಿನದ್ದಲ್ಲ, ತಗಡಿನ ಮೇಲಿನದ್ದು. ಅಂಗೈಯಗಲದ ಆ ತಗಡು 2011ರಲ್ಲಿ ಡೆನ್ವರ್‌ನ ಹರಾಜಿನಲ್ಲಿ 23 ಲಕ್ಷ ಡಾಲರಿಗೆ ಹೋಯಿತು. ಹುಡುಗನ ಮುಖ ನೋಡಿದರೆ ಅಷ್ಟು ಬೆಲೆ ಬಾಳುವವನಂತೆ ಕಾಣುವುದಿಲ್ಲ. ಸುಕ್ಕುಗಟ್ಟಿದ ಟೋಪಿ, ಅಳತೆಗೆ ಸರಿಹೊಂದದ ಸ್ವೆಟರ್, ಅರೆ ತೆರೆದ ಬಾಯಿ.

ಅವನ ಕೈಯಲ್ಲಿರುವುದನ್ನು ನೋಡಿ. ನೆಲಕ್ಕೆ ಊರಿ ನಿಲ್ಲಿಸಿಕೊಂಡಿರುವುದು ವಿಂಚೆಸ್ಟರ್ 1873 ಕಾರ್ಬೈನ್, ಅಂದರೆ ಕುದುರೆ ಸವಾರನ ಗಿಡ್ಡ ಕೋವಿ. ಸೊಂಟದಲ್ಲಿ ಕೋಲ್ಟ್ ರಿವಾಲ್ವರ್. ರಿವಾಲ್ವರ್ ಎಡಗಡೆ ಕಾಣುತ್ತದೆಯಾದ್ದರಿಂದ ಇವನು ಎಡಗೈಯವನು ಎಂಬ ಕಥೆ ಬಹಳ ಕಾಲ ನಡೆಯಿತು. ಆ ಕಥೆಯನ್ನು ಕೆಡವಿದ್ದು ಪಕ್ಕದಲ್ಲಿರುವ ಕಾರ್ಬೈನ್. ವಿಂಚೆಸ್ಟರಿಗೆ ತೋಟಾ ತುಂಬುವ ಕಿಂಡಿ ಇರುವುದು ಬಲಬದಿಗೆ. ಈ ತಗಡಿನಲ್ಲಿ ಅದು ಎಡಬದಿಗಿದೆ. ತಗಡಿನ ಚಿತ್ರ ಕನ್ನಡಿಯ ಹಾಗೆ ಎಡಬಲ ತಿರುಗಿಸಿ ತೋರಿಸುತ್ತದೆ, ಹುಡುಗ ಬಲಗೈಯವನೇ.

ಈ ಹೊತ್ತಿನ ನನ್ನ ವಿಷಯವೂ ಆ ಕಿಂಡಿಯದೇ. ಅದರೊಳಗೆ ಹೋಗುವ ತೋಟಾ ಸೊಂಟದ ರಿವಾಲ್ವರಿಗೂ ಹೋಗುತ್ತದೆಯೇ? ಈ ಹುಡುಗನ ಮಟ್ಟಿಗೆ ಚಿತ್ರ ಉತ್ತರ ಕೊಡುವುದಿಲ್ಲ. ಆದರೆ ಅವನ ಕಾಲದ ಅಮೆರಿಕದ ಪಶ್ಚಿಮದಲ್ಲಿ ಅನೇಕರು ಕೋವಿ ಕೊಳ್ಳುವ ಮುಂಚೆ ಕೇಳಿಕೊಂಡ ಪ್ರಶ್ನೆ ಇದು.

ಮೊದಲು ಒಂದು ಮಾತು. ನನಗೆ ಕೋವಿಯ ಹುಚ್ಚಿಲ್ಲ. ನಾನು ಮೂವತ್ತು ವರ್ಷ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ನಡುವೆ ಕಳೆದವನು. ಒಂದು ಭಾಗ ಎರಡು ಯಂತ್ರಕ್ಕೆ ಹೊಂದುತ್ತದೆ ಎಂದರೆ ಕಿವಿ ನಿಮಿರುತ್ತದೆ, ಅಷ್ಟೇ. ಹಾಗೆ ಹೊಂದಿಸಿದಾಗ ಎರಡರಲ್ಲಿ ಒಂದು ಯಂತ್ರ ಏನನ್ನೋ ಬಿಟ್ಟುಕೊಟ್ಟಿರುತ್ತದೆ ಎಂಬುದೂ ಅನುಭವದಿಂದ ಗೊತ್ತು.

1873. ಆ ಒಂದು ವರ್ಷದ ಹೆಸರಿನಲ್ಲಿ ಅಮೆರಿಕದಲ್ಲಿ ಮೂರು ಆಯುಧಗಳಿವೆ. ಕೋಲ್ಟ್ ಕಂಪನಿಯ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರ್, .45 ಬೋರ್ (ಬೋರ್ ಎಂದರೆ ನಳಿಗೆಯ ಒಳಗಿನ ಅಗಲ, ಅಂಗುಲದ ಲೆಕ್ಕದಲ್ಲಿ). ಸೈನ್ಯದ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್, ಅದೂ .45 ಬೋರ್. ವಿಂಚೆಸ್ಟರ್ ಕಂಪನಿಯ ಸನ್ನೆ ಎಳೆದು ತೋಟಾ ಏರಿಸುವ ಕೋವಿ, .44 ಬೋರ್. ಮೊದಲ ಎರಡೂ ಸೈನ್ಯದ್ದು, ಎರಡೂ .45. ಹಾಗಾದರೆ ತೋಟಾ ಒಂದೇ ಇರಬೇಕಲ್ಲವೇ? ಇಲ್ಲ. ರಿವಾಲ್ವರಿನ ತೋಟಾ ಗಿಡ್ಡ, ಕಾರ್ಬೈನಿನದು ಉದ್ದ. ಒಂದರದ್ದು ಇನ್ನೊಂದಕ್ಕೆ ಬಾರದು. ಕೊಳವೆಯ ಅಗಲ ಒಂದೇ ಎಂದ ಮಾತ್ರಕ್ಕೆ ನಲ್ಲಿಗಳು ಕೂಡುವುದಿಲ್ಲ ಎಂದು ಪ್ಲಂಬರ್ ಹೇಳುತ್ತಾನಲ್ಲ, ಹಾಗೆ.

ಮೂರು ವರ್ಷ ಕಳೆದು, 1876ರ ಜೂನ್‌ನಲ್ಲಿ, ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಗೆ ಮೂಲನಿವಾಸಿಗಳ ಮೇಲೆ ಯುದ್ಧಕ್ಕೆಂದು ಕಸ್ಟರ್ ಎಂಬ ಸೇನಾಧಿಕಾರಿಯ ಏಳನೇ ಅಶ್ವದಳ ಹೋದಾಗ ಒಬ್ಬೊಬ್ಬ ಸವಾರನಿಗೆ ಕಾರ್ಬೈನಿಗೆಂದು ನೂರು ತೋಟಾ, ರಿವಾಲ್ವರಿಗೆಂದು ಇಪ್ಪತ್ತನಾಲ್ಕು. ಎರಡು ಲೆಕ್ಕ, ಎರಡು ಗಂಟು. 1983ರ ಆಗಸ್ಟ್‌ನಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬಟ್ಟಬಯಲಾಯಿತು. ಮರುವರ್ಷ ಪುರಾತತ್ತ್ವಜ್ಞರು ಲೋಹಶೋಧಕ ಹಿಡಿದು ನಡೆದರು. ಸಿಕ್ಕ ಖಾಲಿ ತೋಟಾಗಳ ತಳದಲ್ಲಿ ಸೂಜಿ ಬಡಿದ ಗುರುತನ್ನು ನೋಡಿ, ಇದು ಇಂಥ ಕೋವಿಯದು, ಅದೇ ಕೋವಿ ಅಲ್ಲಿಂದ ಇಲ್ಲಿಗೆ ಬಂದಿದೆ ಎಂದು ದಾರಿ ಗುರುತಿಸಿದರು. ಸೈನಿಕರ .45 ಒಂದು ಕಡೆ. ಮೂಲನಿವಾಸಿ ಯೋಧರು ಹಾರಿಸಿದ ಹೆನ್ರಿ, ವಿಂಚೆಸ್ಟರ್.44 ಇನ್ನೊಂದು ಕಡೆ. ಒಂದೊಂದು ಖಾಲಿ ತೋಟಾವೂ ಒಂದೊಂದು ಸಾಕ್ಷಿ.

ಸೈನ್ಯದ ಗೊಂದಲ ಅಲ್ಲಿಗೇ ನಿಲ್ಲಲಿಲ್ಲ. ಕೋಲ್ಟ್ ಸಾಲದೆಂದು ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಸ್ಕೋಫೀಲ್ಡ್ ರಿವಾಲ್ವರನ್ನೂ ಕೊಂಡರು. ಅದೂ .45. ಆದರೆ ಅದರ ತೋಟಾ ಇನ್ನೂ ಗಿಡ್ಡ. ಸ್ಕೋಫೀಲ್ಡಿನ ತೋಟಾ ಕೋಲ್ಟಿಗೆ ಹೋಗುತ್ತದೆ, ಕೋಲ್ಟಿನದು ಸ್ಕೋಫೀಲ್ಡಿಗೆ ಹೋಗುವುದಿಲ್ಲ. ಉಗ್ರಾಣದವನ ಪಾಡನ್ನು ನೀವೇ ಊಹಿಸಿಕೊಳ್ಳಿ. ಇಷ್ಟಾದರೂ ಸೈನ್ಯ ಸುಧಾರಿಸಿಕೊಂಡಿತು, ಏಕೆಂದರೆ ಅದರ ಬೆನ್ನಿಗೆ ಬಂಡಿಗಳಿದ್ದವು, ಹೇಸರಗತ್ತೆಗಳಿದ್ದವು, ಗುಮಾಸ್ತರಿದ್ದರು.

ದನ ಕಾಯುವವನ ಹಿಂದೆ ಯಾರಿದ್ದರು? ಅಂಗಡಿ ಎರಡು ಮೂರು ದಿನದ ಸವಾರಿ. ಅಲ್ಲಿ ಹೋದಾಗ ಬೇಕಾದ ತೋಟಾ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೇ ತೋಟಾ ಹಾಕುವ ಕೋವಿ-ರಿವಾಲ್ವರ್ ಜೋಡಿಯ ಕಥೆ ಹುಟ್ಟುವುದು ಇಲ್ಲಿ. ಒಂದೇ ತೋಟಾ ಬೇಕೆನಿಸುವುದು ಉಗ್ರಾಣ ದೂರವಿದ್ದವನಿಗೆ. ಬಂದೂಕಿನ ಗುಣಾವಗುಣ ಆಮೇಲಿನ ಮಾತು.

ವಿಂಚೆಸ್ಟರ್ ಕೊಟ್ಟ ತೋಟಾ ಹೇಗಿತ್ತು ಎಂದು ಹತ್ತಿರದಿಂದ ನೋಡೋಣ. ಗುಂಡಿನ ತೂಕ 200 ಗ್ರೇನ್, ಮದ್ದು 40 ಗ್ರೇನ್. ಗ್ರೇನ್ ಎಂದರೆ ನಮಗೇನೂ ಅರ್ಥವಾಗುವುದಿಲ್ಲ, ಆದರೆ ಒಂದು ತೊಲ ಎಂದರೆ 180 ಗ್ರೇನ್ ಎಂದು ಬ್ರಿಟಿಷರು ನಿಗದಿ ಮಾಡಿದ್ದರು. ಹಾಗಾಗಿ ಆ ಸೀಸದ ಗುಂಡು ಒಂದು ತೊಲಕ್ಕಿಂತ ಸ್ವಲ್ಪ ಹೆಚ್ಚು. ಹಿತ್ತಾಳೆ, ಮದ್ದು ಎಲ್ಲ ಸೇರಿ ಇಡೀ ತೋಟಾ ಹೆಚ್ಚುಕಡಿಮೆ ಎರಡು ತೊಲ. ಐವತ್ತರ ಡಬ್ಬಿ ಒಂದು ಕಿಲೋ ದಾಟುತ್ತದೆ. ಸೈನ್ಯದ ಕಾರ್ಬೈನಿನ ಗುಂಡೊಂದೇ 405 ಗ್ರೇನ್, ಅಂದರೆ ಸರಿಯಾಗಿ ಎರಡೂಕಾಲು ತೊಲ. ಚಿನ್ನದಂಗಡಿಯ ಲೆಕ್ಕದಲ್ಲಿ ಹೇಳಿದರೆ ವ್ಯತ್ಯಾಸ ಬೇಗ ಮನಸ್ಸಿಗೆ ಬರುತ್ತದೆ.

ವಿಂಚೆಸ್ಟರ್ ಅದನ್ನು ತನ್ನದೇ ಹೆಸರಿನಿಂದ .44 ವಿಂಚೆಸ್ಟರ್ ಎಂದು ಕರೆಯಿತು. ಪ್ರತಿಸ್ಪರ್ಧಿಗಳು ಬೇರೆಯವರ ಹೆಸರನ್ನು ತಮ್ಮ ಡಬ್ಬಿಯ ಮೇಲೆ ಏಕೆ ಅಚ್ಚು ಹಾಕಬೇಕು? ಬೋರ್ 44, ಮದ್ದು 40 ಎಂದು ಸೇರಿಸಿ .44-40 ಎಂದರು. ಹೊಟ್ಟೆಕಿಚ್ಚಿನಿಂದ ಹುಟ್ಟಿದ ಹೆಸರೇ ಉಳಿದುಕೊಂಡಿತು.

ಇದಕ್ಕೆ ಮುಂಚಿನ ಹೆನ್ರಿ ಕೋವಿ ಮತ್ತು 1866ರ ವಿಂಚೆಸ್ಟರ್‌ಗಳ ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನ ಸುತ್ತ ಇರುತ್ತಿತ್ತು. ಒಮ್ಮೆ ಬಡಿದರೆ ಅಂಚು ಜಜ್ಜಿಹೋಗುತ್ತದೆ, ತೋಟಾ ಎಸೆಯಬೇಕು. .44-40ರಲ್ಲಿ ಕಿಡಿಯ ಕೇಪು ತಳದ ನಟ್ಟನಡುವೆ. ಹಾರಿಸಿದ ಮೇಲೆ ಹಳೆಯ ಕೇಪು ಕಿತ್ತು, ಹೊಸದು ಒತ್ತಿ, ಮದ್ದು ಸುರಿದು, ಸೀಸ ಕರಗಿಸಿ ಅಚ್ಚಿನಲ್ಲಿ ಹೊಯ್ದ ಗುಂಡು ಕೂರಿಸಿದರೆ ತೋಟಾ ಮತ್ತೆ ಸಿದ್ಧ. ಅದಕ್ಕೆ ಬೇಕಾದ ಇಕ್ಕಳದಂಥ ಸಾಧನವನ್ನು ವಿಂಚೆಸ್ಟರ್ ಕಂಪನಿಯೇ ಮಾರುತ್ತಿತ್ತು. ರಾತ್ರಿ ಬಿಡಾರದ ಬೆಂಕಿಯ ಪಕ್ಕ ಕುಳಿತು ನಾಳೆಗೆ ತೋಟಾ ತುಂಬಿಕೊಳ್ಳಬಹುದು. ಕೊಡಗು, ಮಲೆನಾಡಿನ ಕಡೆಯ ಹಿರಿಯರು ತಲೆಯಾಡಿಸುತ್ತಿದ್ದೀರಿ. ನಿಮ್ಮ ಮನೆಗಳಲ್ಲಿ ಜೋಡಿ ನಳಿಗೆಯ ಕೋವಿಗೆ ಚರೆ, ಮದ್ದು ಹಾಕಿ ಹಳೆಯ ತೋಟಾ ತುಂಬುತ್ತಿದ್ದುದನ್ನು ನೋಡಿರುತ್ತೀರಿ. ಕೆಲಸ ಅದೇ, ಖಂಡ ಬೇರೆ.

ಇಂಥ ತೋಟಾ ಎರಡು ಕೋವಿಗೂ ಆಗುವಂತಿದ್ದರೆ ಒಂದೇ ಅಚ್ಚು, ಒಂದೇ ಇಕ್ಕಳ, ಸೊಂಟಕ್ಕೆ ಒಂದೇ ಪಟ್ಟಿ. ಕೋಲ್ಟ್ ಕಂಪನಿಗೆ ಇದು ಹೊಳೆಯಲು ನಾಲ್ಕೈದು ವರ್ಷ ಹಿಡಿಯಿತು. 1870ರ ದಶಕದ ಕೊನೆಗೆ .44-40 ಹಾಕುವ ರಿವಾಲ್ವರ್ ತಂದು, ನಳಿಗೆಯ ಮೇಲೆ ‘ಕೋಲ್ಟ್ ಫ್ರಾಂಟಿಯರ್ ಸಿಕ್ಸ್ ಶೂಟರ್’ ಎಂದು ಕೆತ್ತಿಸಿತು. ಆ ಮಾದರಿಯಲ್ಲಿ .45 ಬಿಟ್ಟರೆ ಅತಿ ಹೆಚ್ಚು ಮಾರಾಟವಾದ ಬೋರ್ ಅದೇ. ರೆಮಿಂಗ್ಟನ್, ಸ್ಮಿತ್ ಆ್ಯಂಡ್ ವೆಸನ್ ಕೂಡ ಅದೇ ತೋಟಾ ನುಂಗುವ ರಿವಾಲ್ವರ್ ಮಾಡಿದವು.

ತಿರುಗುಮುರುಗಾಗಿ ಏಕೆ ಆಗಲಿಲ್ಲ, ವಿಂಚೆಸ್ಟರ್ ಏಕೆ ಕೋಲ್ಟಿನ .45 ತೋಟಾಕ್ಕೆ ಕೋವಿ ಮಾಡಲಿಲ್ಲ ಎಂದು ನೀವು ಕೇಳಬೇಕು. ವ್ಯಾಪಾರದ ಹಟ ಇದ್ದೇ ಇತ್ತು. ಆದರೆ ನನ್ನಂಥವನಿಗೆ ರುಚಿಸುವ ಕಾರಣ ಬೇರೆ. ರಿವಾಲ್ವರಿನಲ್ಲಿ ಖಾಲಿ ತೋಟಾವನ್ನು ಒಂದು ಕಡ್ಡಿ ಒಳಗಿನಿಂದ ತಳ್ಳಿ ಹೊರಹಾಕುತ್ತದೆ. ತಳದ ಅಂಚು ಎಷ್ಟು ಸಣ್ಣದಿದ್ದರೂ ನಡೆಯುತ್ತದೆ, ಕೋಲ್ಟಿನ.45ರ ಅಂಚು ನಿಜಕ್ಕೂ ಎಳೆಯಷ್ಟೇ ಇತ್ತು. ವಿಂಚೆಸ್ಟರಿನಲ್ಲಿ ಒಂದು ಕೊಕ್ಕೆ ಆ ಅಂಚನ್ನು ಕಚ್ಚಿ ಹಿಂದಕ್ಕೆ ಎಳೆಯಬೇಕು. ಕಚ್ಚಲು ಅಂಚೇ ಇಲ್ಲದಿದ್ದರೆ ಕೊಕ್ಕೆ ಏನು ಮಾಡೀತು? .44-40ರ ಅಂಚು ಅಗಲ. ಮೇಲಾಗಿ ಅದರ ಮೈ ತುದಿಯ ಕಡೆಗೆ ತುಸು ಕಿರಿದಾಗುತ್ತದೆ, ಹಾಗಾಗಿ ಸಲೀಸಾಗಿ ಒಳಗೆ ಜಾರುತ್ತದೆ. ತುದಿಯ ಹಿತ್ತಾಳೆ ತೆಳ್ಳಗಿದ್ದು, ಸಿಡಿದಾಗ ಉಬ್ಬಿ, ತೋಟಾ ಕೂರುವ ಕೊಠಡಿಯನ್ನು ಮುಚ್ಚಿಬಿಡುತ್ತದೆ. ಕರಿಮದ್ದಿನ ಮಸಿ ಹಿಂದಕ್ಕೆ ಬಂದು ಯಂತ್ರ ಸೇರುವುದು ಕಡಿಮೆ. ಕೂದಲೆಳೆಯಷ್ಟು ಹಿತ್ತಾಳೆಯ ವ್ಯತ್ಯಾಸ ಯಾವ ತೋಟಾ ಯಾವ ಕೋವಿಗೆ ಹೋಗಬೇಕೆಂದು ತೀರ್ಮಾನಿಸಿತು.

ಇಲ್ಲೊಂದು ದಂತಕಥೆಯೂ ಇದೆ. ಕೋಲ್ಟ್ 1883ರಲ್ಲಿ ವಿಂಚೆಸ್ಟರಿನಂಥದೇ ಸನ್ನೆಯ ಕೋವಿ ಮಾಡಿ, 1885ಕ್ಕೆ ನಿಲ್ಲಿಸಿತು. ವಿಂಚೆಸ್ಟರಿನವರು ತಾವು ಮಾಡಿಸಿದ ರಿವಾಲ್ವರನ್ನು ಕೋಲ್ಟಿನವರ ಮೇಜಿನ ಮೇಲಿಟ್ಟು ‘ನೀವು ನಮ್ಮ ಹೊಲಕ್ಕೆ ಇಳಿದರೆ ನಾವು ನಿಮ್ಮ ಹೊಲಕ್ಕೆ’ ಎಂದರಂತೆ. ಕೋಲ್ಟ್ ಕೋವಿ ಮಾಡಿ ನಿಲ್ಲಿಸಿದ್ದು ನಿಜ. ಮೇಜಿನ ಕಥೆಯನ್ನು ಕಥೆಯಾಗಿ ಮಾತ್ರ ಕೇಳಿ.

ಬೆಲೆಯ ಮಾತು. ಟೆಕ್ಸಸ್ ರೇಂಜರ್ಸ್ ಎಂಬ ಆ ರಾಜ್ಯದ ಕಾವಲು ದಳದವರು ತಮ್ಮ ಸ್ವಂತ ದುಡ್ಡಿನಿಂದ ವಿಂಚೆಸ್ಟರ್ ಕೊಂಡಾಗ ಉದ್ದನೆಯ ರೈಫಲಿಗೆ 50 ಡಾಲರ್, ಕಾರ್ಬೈನಿಗೆ 40. ದನ ಕಾಯುವವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಅಷ್ಟು ಕೊಟ್ಟವನು ತೋಟಾದ ವಿಷಯದಲ್ಲಿ ಜಿಪುಣನಾಗದೆ ಇನ್ನೇನಾಗುತ್ತಾನೆ?

ಈಗ ಅನನುಕೂಲದ ಕಡೆ ಬರೋಣ, ಏಕೆಂದರೆ ಈ ಜೋಡಿಯನ್ನು ಹೊಗಳುವವರು ಇದನ್ನು ನುಂಗಿಕೊಳ್ಳುತ್ತಾರೆ. ಅದೇ ತೋಟಾ ಉದ್ದ ನಳಿಗೆಯಿಂದ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟರೆ, ರಿವಾಲ್ವರಿನಿಂದ 300ರ ಒಳಗೇ.  ಉರಿದ ಮದ್ದಿಗೆ ಗುಂಡನ್ನು ತಳ್ಳಲು ಜಾಗ ಬೇಕು, ಆ ಜಾಗ ರಿವಾಲ್ವರಿನಲ್ಲಿಲ್ಲ. ಅತ್ತ ರೈಫಲ್ ಎಂದು ನೋಡಿದರೆ ಇದು ದುರ್ಬಲ. ನೂರು ಗಜದಾಚೆಯ ಎಲ್ಕ್ ಎಂಬ ದೊಡ್ಡ ಜಿಂಕೆಗೋ ಕರಡಿಗೋ .44-40 ಹಿಡಿದು ಹೊರಟವನು ಒಂದೋ ಬಹಳ ಗುರಿಗಾರ, ಇಲ್ಲವೇ ಬಹಳ ಅವಿವೇಕಿ. ಕೈಕೋವಿಗೆ ಸ್ವಲ್ಪ ಹೆಚ್ಚಾಯಿತು, ಭುಜದ ಕೋವಿಗೆ ಸ್ವಲ್ಪ ಕಡಿಮೆಯಾಯಿತು. ಎರಡು ಮನೆಯ ನೆಂಟ ಉಪವಾಸ ಎಂಬಷ್ಟು ಕೆಟ್ಟದ್ದಲ್ಲ, ಆದರೆ ಎರಡೂ ಕಡೆ ಅರೆಹೊಟ್ಟೆ.

ಹಾಗಿದ್ದರೂ ಕಾರ್ಬೈನಿಗೆ ಒಂದು ಲಾಭ ಖಂಡಿತ ಇದೆ. ಅದು ವೇಗದ್ದಲ್ಲ, ಹಿಡಿತದ್ದು. ರಿವಾಲ್ವರನ್ನು ಹಿಡಿಯುವುದು ಅಂಗೈ. ಕಾರ್ಬೈನನ್ನು ಭುಜ, ಕೆನ್ನೆ, ಎರಡೂ ಕೈ ಸೇರಿ ಹಿಡಿಯುತ್ತವೆ. ಗುರಿ ನೋಡುವ ಎರಡು ಬಿಂದುಗಳ ನಡುವಿನ ಅಂತರವೂ ಎರಡು ಮೂರು ಪಟ್ಟು. ಅದೇ ತೋಟಾ, ಅದೇ ಮನುಷ್ಯ, ಆದರೆ ತಾಗುವುದು ಬೇರೆ ಕಡೆ.

ಸಣ್ಣ ಬೋರಿನ ಕಡೆಗೆ ಜೋಡಿ ಇಳಿದದ್ದು ಆಮೇಲೆ. 1882ರಲ್ಲಿ ವಿಂಚೆಸ್ಟರ್ .32-20 ತಂದಿತು. ಮದ್ದು ಬರೀ 20 ಗ್ರೇನ್, ಗುಂಡು 100ರಿಂದ 115 ಗ್ರೇನ್, ಮುಕ್ಕಾಲು ತೊಲವೂ ಇಲ್ಲ. ಮೊಲ, ಕಾಡುಕೋಳಿ, ಚರ್ಮಕ್ಕಾಗಿ ಹೊಡೆಯುವ ಸಣ್ಣ ಪ್ರಾಣಿ, ಕೋಳಿಗೂಡಿಗೆ ನುಗ್ಗುವ ನರಿ. ಹೊಲಮನೆಯವನಿಗೆ ದಿನಾ ಬೇಕಾದದ್ದು ಇದೇ. ಪುಂಡರ ಜೊತೆ ಕಾದಾಟವೆಲ್ಲ ವರ್ಷಕ್ಕೊಮ್ಮೆಯೂ ಇಲ್ಲ. ಸೀಸ ಕಡಿಮೆ, ಮದ್ದು ಕಡಿಮೆ, ಒದೆತ ಕಡಿಮೆ. ಕೋಲ್ಟ್ ಇದಕ್ಕೂ ರಿವಾಲ್ವರ್ ಮಾಡಿತು. ನನ್ನನ್ನು ಕೇಳಿದರೆ ಜೋಡಿಯ ವಿಚಾರಕ್ಕೆ ನಿಜವಾಗಿ ಹೊಂದಿದ್ದು ಈ ಸಣ್ಣ ತಮ್ಮನೇ ಹೊರತು ಹೆಸರುವಾಸಿಯಾದ ದೊಡ್ಡಣ್ಣನಲ್ಲ. ಸಣ್ಣ ಕೆಲಸಕ್ಕೆ ಸಣ್ಣ ತೋಟಾ ಸಾಕು ಎಂದು ಒಪ್ಪಿಕೊಂಡ ಮೇಲೆ ರೈಫಲ್ ದುರ್ಬಲವಾಯಿತೆಂಬ ದೂರೇ ಉಳಿಯುವುದಿಲ್ಲ.

ಆದರೆ ಜೋಡಿ ಮುರಿಯುವ ಕಾಲವೂ ಬಂತು. 1892ರಲ್ಲಿ ಜಾನ್ ಬ್ರೌನಿಂಗ್ ವಿನ್ಯಾಸದ ಹೊಸ ವಿಂಚೆಸ್ಟರ್ ಬಂದಿತು. ಹಳೆಯದಕ್ಕಿಂತ ಬಹಳ ಗಟ್ಟಿ. ಹೊಗೆಯಿಲ್ಲದ ಮದ್ದೂ ಬಂದಿತ್ತು. ಈ ಗಟ್ಟಿ ಕೋವಿಗೆಂದು ಅದೇ ಅಳತೆಯ, ಆದರೆ ಹೆಚ್ಚು ಒತ್ತಡದ ತೋಟಾಗಳನ್ನು ವಿಂಚೆಸ್ಟರ್ ಮಾರತೊಡಗಿತು. ಡಬ್ಬಿಯ ಮೇಲೆ ಎಚ್ಚರಿಕೆ: 1873ರ ಕೋವಿಗೆ, ರಿವಾಲ್ವರಿಗೆ ಹಾಕಬೇಡಿ. ಯೋಚಿಸಿ. ಇಪ್ಪತ್ತು ವರ್ಷ ‘ಒಂದೇ ತೋಟಾ, ಎರಡಕ್ಕೂ ಹಾಕಿ’ ಎಂದು ಜನರ ಕೈಗೆ ಅಭ್ಯಾಸ ಮಾಡಿಸಿ, ಈಗ ಒಳಗೆ ಸರಿಯಾಗಿ ಕೂರುವ ತೋಟಾವನ್ನೇ ಹಾಕಬೇಡಿ ಎನ್ನುವುದು. ಡಬ್ಬಿ ಹರಿದು ಜೇಬಿಗೆ ಸುರಿದುಕೊಂಡ ಮೇಲೆ ಎಚ್ಚರಿಕೆ ಎಲ್ಲಿದೆ? ನಮ್ಮ ಕಾರ್ಖಾನೆಯಲ್ಲಿ ಒಂದೇ ಅಳತೆಯ, ಎರಡು ಬಲದ ಬೋಲ್ಟುಗಳನ್ನು ಒಂದೇ ಡಬ್ಬದಲ್ಲಿ ಹಾಕಿದವನಿಗೆ ಬೈಗುಳ ತಪ್ಪುತ್ತಿರಲಿಲ್ಲ. ಬೋಲ್ಟ್ ಮುರಿದರೆ ಯಂತ್ರ ನಿಲ್ಲುತ್ತದೆ. ಇಲ್ಲಿ ಹೋಗುವುದು ಕೈ.

ಭಾಷಣ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: “ನಮ್ಮ ದೇಶದಲ್ಲಿ ಈ ಜೋಡಿ ಇಲ್ಲವೇ ಸರ್?” ಇದೆ, ಸರ್ಕಾರದ ಕೈಯಲ್ಲಿ. ಪೊಲೀಸರ ಹೆಗಲಲ್ಲಿ ಬಹಳ ಕಾಲ ನೇತಾಡಿದ ಗಿಡ್ಡ ಕಾರ್ಬೈನ್ ಕಾನ್ಪುರದಲ್ಲಿ ತಯಾರಾದ, ಸ್ಟರ್ಲಿಂಗ್ ಮಾದರಿಯ 9 ಎಂಎಂ. ಅಧಿಕಾರಿಯ ಸೊಂಟದ ಪಿಸ್ತೂಲು ಇಶಾಪುರದಲ್ಲಿ ತಯಾರಾದ 9 ಎಂಎಂ. ಎರಡಕ್ಕೂ ಒಂದೇ ತೋಟಾ. ಖಾಸಗಿಯವರಿಗೆ ಮಾತ್ರ 9 ಎಂಎಂ ನಿಷೇಧಿತ ಬೋರ್. ಪರವಾನಗಿ ಇದ್ದವರಿಗೂ ಸಿಗುವುದು ಸಾಮಾನ್ಯವಾಗಿ .32 ರಿವಾಲ್ವರ್. ರೈಫಲಿನ ಕಥೆಯೂ ಅದೇ. ಸೈನ್ಯದ್ದು ಆಗ .303 ಆಗಿತ್ತು, ಆದ್ದರಿಂದ ಜನರಿಗೆ .315. ಇದು ಬ್ರಿಟಿಷರ ಕಾಲದಿಂದ ಬಂದ ಯೋಚನೆ: ಸಿಪಾಯಿಯ ಉಗ್ರಾಣದಿಂದ ಕದ್ದ ತೋಟಾ ಊರಿನ ಯಾವ ಕೋವಿಗೂ ಹೊಂದಬಾರದು. ಅಮೆರಿಕದ ದನ ಕಾಯುವವನು ಎರಡು ಕೋವಿಗೆ ಒಂದು ತೋಟಾ ಹುಡುಕಿದ. ಇಲ್ಲಿ ಸರ್ಕಾರ ಎರಡು ಕೋವಿಗೆ ಎರಡು ತೋಟಾ ಇರಲೇಬೇಕೆಂದು ಹಟ ಹಿಡಿಯಿತು. ದೂರದ ಉಗ್ರಾಣ ಅವನ ಚಿಂತೆ, ಹತ್ತಿರದ ಉಗ್ರಾಣ ಇವರ ಚಿಂತೆ.

ಒಂದು ಜೋಡಿ ಮಾತ್ರ ಈ ಗಡಿಗಳನ್ನೆಲ್ಲ ದಾಟಿದೆ. .22. ಒಲಿಂಪಿಕ್ಸ್‌ನಲ್ಲಿ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿಗೂ 50 ಮೀಟರ್ ರೈಫಲಿಗೂ ಇಂದು ಹಾಕುವುದು ಒಂದೇ ಜಾತಿಯ .22 ಲಾಂಗ್ ರೈಫಲ್ ತೋಟಾ. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಆ ಪಿಸ್ತೂಲಿನಲ್ಲಿ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಆ ರೈಫಲಿನಲ್ಲಿ. ಗುಂಡಿನ ತೂಕ 40 ಗ್ರೇನ್. ಹಳೆಯ .44-40ರಲ್ಲಿ ಮದ್ದೇ ಅಷ್ಟು ತೂಗುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಇದರ ಚಿಟಿಕೆ ಮದ್ದು ಸುಮಾರು 16 ಅಂಗುಲ ನಳಿಗೆಯೊಳಗೆ ತನ್ನ ಕೆಲಸ ಮುಗಿಸುತ್ತದೆ. ಆಮೇಲೆ ನಳಿಗೆ ಎಷ್ಟು ಉದ್ದವಾದರೂ ವೇಗ ಏರುವುದಿಲ್ಲ, ಉಜ್ಜಾಟ ಮಾತ್ರ ಹೆಚ್ಚುತ್ತದೆ. ತೋಟಾ ಒಂದೇ ಜಾತಿಯದಾದರೂ ದೊಡ್ಡ ಗುರಿಗಾರರು ತಮ್ಮ ತಮ್ಮ ನಳಿಗೆಗೆ ಯಾವ ತಯಾರಿಕೆಯ ಕಂತು ಒಗ್ಗುತ್ತದೆಂದು ಹಾರಿಸಿ ನೋಡಿಯೇ ಆರಿಸುತ್ತಾರೆ. ಒಂದೇ ಅಕ್ಕಿ, ಎರಡು ಮನೆಯ ಅನ್ನ.

ನಾನು ಜೀವನದಲ್ಲಿ ಹಾರಿಸಿದ್ದು ಒಟ್ಟು ಹದಿನೈದು ಗುಂಡು, ಎಲ್ಲವೂ .22, ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ. ಮಲಗಿ ಐದು ಹಾರಿಸುವುದು, ಎದ್ದು ಐದು ಖಾಲಿ ತೋಟಾ ಹವಾಲ್ದಾರರ ಕೈಗೆ ಒಪ್ಪಿಸುವುದು. ಅವರು ಅದನ್ನು ಖೋಖಾ ಎನ್ನುತ್ತಿದ್ದರು. .22ರ ಕಿಡಿಮದ್ದು ಇಂದಿಗೂ ಅಂಚಿನಲ್ಲೇ ಇರುವುದರಿಂದ ಆ ಖೋಖಾವನ್ನು ಮತ್ತೆ ತುಂಬಲು ಬರುವುದಿಲ್ಲ, ಯಾರಿಗೂ ಯಾವ ಉಪಯೋಗವೂ ಇಲ್ಲ. ಆದರೂ ಒಂದು ಸಂಜೆ ನನ್ನ ಲೆಕ್ಕದಲ್ಲಿ ನಾಲ್ಕೇ ಇದ್ದವು. ಮೂವತ್ತು ಹುಡುಗರು ಸಾಲಾಗಿ ಬಗ್ಗಿ, ಹುಲ್ಲು ಕೆದಕುತ್ತ, ಕತ್ತಲಾಗುವವರೆಗೆ ಹುಡುಕಿದೆವು. ಊಟದ ಗಂಟೆ ಹೊಡೆದು ಹೋಯಿತು. ಕೊನೆಗೆ ಅದು ಸಿಕ್ಕಿದ್ದು ಮಡಿಚಿದ ನನ್ನ ಅಂಗಿಯ ತೋಳಿನೊಳಗೆ. ಹವಾಲ್ದಾರರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಡಬ್ಬಿಗೆ ಹಾಕಿ, ಪುಸ್ತಕದಲ್ಲಿ ಐದು ಎಂದು ಬರೆದುಕೊಂಡರು.